ಅತ್ತೆಯ ಹಟ

"ಅತ್ತೆಗೆ ಊಟ ಹಾಕಿ ಆಯ್ತು ಮೇಡಂ," ಎಂದು ಸಂಶೋಧನಾ ವಿದ್ಯಾರ್ಥಿನಿ ಕೈಗವಸು ಕಳಚುತ್ತ ಹೇಳಿದಾಗ ಅವಳು ಎಂದಿನಂತೆ ನಗಬೇಕಿತ್ತು. ನಗು ತುಟಿಯವರೆಗೆ ಬಂದು ಅಲ್ಲೇ ನಿಂತಿತು. ಈ ಪ್ರಯೋಗಾಲಯದಲ್ಲಿ ಇದು ಸವೆದುಹೋದ ತಮಾಷೆ. ಅತ್ತೆ ಎಂದರೆ ಇನ್‌ಕ್ಯುಬೇಟರಿನ ನಡುವಿನ ಅಂತಸ್ತಿನಲ್ಲಿ, ಚಪ್ಪಟೆ ಫ್ಲಾಸ್ಕುಗಳ ತಳಕ್ಕೆ ಅಂಟಿಕೊಂಡು, ಗುಲಾಬಿ ಬಣ್ಣದ ದ್ರವ ಕುಡಿದು ಬೆಳೆಯುತ್ತಿರುವ ಜೀವಕೋಶಗಳು. ಅವಳ ಗಂಡನ ತಾಯಿಯ ಹೊಟ್ಟೆಯಿಂದ ಆಪರೇಷನ್ನಿನಲ್ಲಿ ತೆಗೆದ ಕ್ಯಾನ್ಸರ್ ಗಡ್ಡೆಯ ಒಂದು ಚೂರಿನಿಂದ ಅವಳೇ ತನ್ನ ಕೈಯಾರೆ ಎಬ್ಬಿಸಿದವು. ಆಕೆ ತೀರಿಕೊಂಡು ಹತ್ತು ವರ್ಷದ ಮೇಲಾದರೂ ಗಡ್ಡೆ ತೀರಿಕೊಂಡಿರಲಿಲ್ಲ. ದಿನ ಬಿಟ್ಟು ದಿನ ಹಳೆಯ ದ್ರವ ಹೀರಿ ತೆಗೆದು ಹೊಸದು ಹಾಕಬೇಕು, ಜಾಗ ಸಾಲದಾದಾಗ ಬೇರೆ ಫ್ಲಾಸ್ಕಿಗೆ ಬಿಡಿಸಬೇಕು. ಜ್ವರ ಬಂದರೂ ಮದುವೆಗೆ ಹೋಗಬೇಕಾದರೂ ಯಾರಾದರೊಬ್ಬರು ಈ ಕೆಲಸಕ್ಕೆ ಇರಲೇಬೇಕು. "ಸತ್ತ ಅತ್ತೆಗೂ ಬಡಿಸೋ ಸೊಸೆಯನ್ನ ನಾನೆಲ್ಲೂ ನೋಡಿಲ್ಲ," ಎಂದು ಸಂಸ್ಥೆಯ ನಿರ್ದೇಶಕರು ಯಾರೇ ಅತಿಥಿಗಳು ಬಂದರೂ ಹೇಳುತ್ತಿದ್ದರು, ಅತಿಥಿಗಳು ನಗುತ್ತಿದ್ದರು, ಅವಳು ತಲೆ ತಗ್ಗಿಸಿ ಮೆಚ್ಚುಗೆ ಸ್ವೀಕರಿಸುತ್ತಿದ್ದಳು. "ಮೇಡಂ, ಹುಷಾರಿಲ್ವಾ?" ಎಂದು ಹುಡುಗಿ ಕೇಳಿದಳು. ಮುಂದಿನ ತಿಂಗಳು ಆ ಹುಡುಗಿಯ ಪಿಎಚ್‌ಡಿ ಪ್ರಬಂಧದ ಮೌಖಿಕ ಪರೀಕ್ಷೆ. ಐದು ಅಧ್ಯಾಯಗಳಲ್ಲಿ ನಾಲ್ಕು ಈ ಜೀವಕೋಶಗಳ ಮೇಲೆಯೇ ನಿಂತಿದ್ದವು. "ಏನಿಲ್ಲ, ನಿದ್ದೆ ಇಲ್ಲ ಅಷ್ಟೆ," ಎಂದು ಅವಳು ಮೈಕ್ರೋಸ್ಕೋಪಿನ ಗಾಜು ಒರೆಸತೊಡಗಿದಳು.

ನಿದ್ದೆ ಇಲ್ಲದ್ದು ನಿಜ. ನಿನ್ನೆ ಮಧ್ಯಾಹ್ನ ಪರೀಕ್ಷಾ ಕೇಂದ್ರದವನ ಫೋನು ಬಂದಾಗ ಅವಳು ಕ್ಯಾಂಟೀನಿನಲ್ಲಿ ಕೈ ತೊಳೆಯುತ್ತಿದ್ದಳು. ಬೇರೆ ಊರಿನ ಆಸ್ಪತ್ರೆಯ ವೈದ್ಯರು ಕೇಳಿದ್ದರೆಂದು ಶಾಸ್ತ್ರಕ್ಕೆ ಮಾಡಿಸಿದ ಪರೀಕ್ಷೆ ಅದು. ಜೀವಕೋಶಗಳು ಯಾರವೆಂದು ನೀವು ಹೇಳುತ್ತೀರೋ ಅವರವೇ ಎಂಬುದಕ್ಕೆ ಒಂದು ಪ್ರಮಾಣ ಬೇಕು. ಪ್ರತಿಯೊಬ್ಬರ ಡಿಎನ್‌ಎಯಲ್ಲೂ ಕೆಲವು ತುಣುಕುಗಳು ಹೇಳಿದ್ದನ್ನೇ ಹೇಳುವ ಮುದುಕರ ಹಾಗೆ ಮತ್ತೆ ಮತ್ತೆ ಬರುತ್ತವೆ. ಎಷ್ಟು ಸಲ ಬರುತ್ತವೆ ಎನ್ನುವುದು ಒಬ್ಬೊಬ್ಬರಲ್ಲಿ ಒಂದೊಂದು ಥರ. ಫ್ರೀಜರಿನ ಮೂಲೆಯಲ್ಲಿದ್ದ ಅತ್ತೆಯ ರಕ್ತ ತುಂಬಿಟ್ಟಿದ್ದ ನಳಿಕೆಯನ್ನೂ ಫ್ಲಾಸ್ಕಿನ ಜೀವಕೋಶಗಳನ್ನೂ ಒಟ್ಟಿಗೆ ಕಳಿಸಿದ್ದಳು. ಎರಡಕ್ಕೂ ಎಲ್ಲಿಯೂ ತಾಳೆಯಾಗಲಿಲ್ಲ. "ಮೇಡಂ, ನಿಮ್ಮತ್ತೆ ಗಂಡಸು!" ಎಂದು ಅವನು ನಕ್ಕು, ಈ ಕಡೆಯಿಂದ ಸದ್ದಿಲ್ಲದ್ದನ್ನು ಕಂಡು, "ಸಾರಿ ಮೇಡಂ, ಸಾರಿ," ಎಂದಿದ್ದ. ವರದಿಯ ನಕ್ಷೆಯಲ್ಲಿ ಗಂಡೋ ಹೆಣ್ಣೋ ಎಂದು ತೋರಿಸುವ ಜಾಗದಲ್ಲಿ, ಹೆಣ್ಣಾದರೆ ಒಂದೇ ಶಿಖರ ಕಾಣಬೇಕಾದ ಕಡೆ ಎರಡು ಶಿಖರ ಇದ್ದವು. ಫ್ಲಾಸ್ಕಿನಲ್ಲಿದ್ದವು ಯಾವುದೋ ಕಾಲದಲ್ಲಿ ಯಾವುದೋ ಗಂಡಸಿನ ಶ್ವಾಸಕೋಶದಿಂದ ತೆಗೆದು, ಈಗ ಎಲ್ಲ ಪ್ರಯೋಗಾಲಯಗಳಲ್ಲೂ ಬಿದ್ದಿರುವ, ಕೊಂದರೂ ಸಾಯದ ಹಳೆಯ ಜೀವಕೋಶಗಳು. ಅತ್ತೆಯ ಜೀವಕೋಶಗಳನ್ನು ಎಬ್ಬಿಸುತ್ತಿದ್ದ ದಿನಗಳಲ್ಲಿ ಅವಳ ಇನ್‌ಕ್ಯುಬೇಟರಿನಲ್ಲೂ ಅವು ಅತ್ತೆಯ ಕೆಳಗಿನ ಅಂತಸ್ತಿನಲ್ಲೇ ಇದ್ದವು. ಎರಡಕ್ಕೂ ಒಂದೇ ಬಾಟಲಿಯ ದ್ರವ ಹಾಕುತ್ತಿದ್ದರು. ಒಂದು ಹನಿ ಸಾಕು. ನಲ್ಲಿ ನೀರು ಸುರಿಯುತ್ತಲೇ ಇತ್ತು, ಹಿಂದೆ ಸಾಲಿನಲ್ಲಿ ನಿಂತಿದ್ದ ಯಾರೋ ಕೆಮ್ಮಿದರು, ಅವಳು ಪಕ್ಕಕ್ಕೆ ಸರಿದಳು.

ಇವತ್ತು ಪ್ರಯೋಗಾಲಯದ ಹೊರಗೆ ಕಾರಿಡಾರಿನಲ್ಲಿ ಡ್ರೈ ಐಸ್ ಪೆಟ್ಟಿಗೆ ಬಂದು ಕೂತಿತ್ತು. ಸಂಜೆ ನಾಲ್ಕಕ್ಕೆ ಸಾಗಣೆಯವರು ಬಂದು ಅತ್ತೆಯನ್ನು ಆಸ್ಪತ್ರೆಗೆ ಒಯ್ಯಬೇಕು. ಅತ್ತೆಗಿದ್ದಂಥದೇ ಅಪರೂಪದ ಗಡ್ಡೆಯಿರುವ ಕೆಲವರು ಅಲ್ಲಿ ಕಾಯುತ್ತಿದ್ದಾರೆ. ಈ ಜೀವಕೋಶಗಳಲ್ಲಿ ಒಂದು ಜೀನ್ ಬೇಕಾದ್ದಕ್ಕಿಂತ ಹೆಚ್ಚು ಪ್ರತಿಯಾಗಿ ಕೂತು ಗಡ್ಡೆ ಬೆಳೆಸುತ್ತದೆಂದು ಅವಳು ತೋರಿಸಿದ್ದಳು. ಆ ಜೀನಿನ ಬಾಯಿ ಮುಚ್ಚಿಸುವ ಒಂದು ಔಷಧಿಯನ್ನು ಅಲ್ಲಿನವರು ಮೊದಲು ಅತ್ತೆಯ ಮೇಲೆ ನೋಡಿ, ಆಮೇಲೆ ಆ ರೋಗಿಗಳಿಗೆ ಕೊಡುತ್ತಾರೆ. ಬೇರೆ ರೋಗಿಗಳ ಗಡ್ಡೆಗಳಲ್ಲಿ ಆ ಜೀನ್ ಕೆಲವರಲ್ಲಿ ಹಾಗೆ ಕಂಡಿತ್ತು, ಹಲವರಲ್ಲಿ ಕಂಡಿರಲಿಲ್ಲ. ಕಂಡದ್ದನ್ನು ಗಟ್ಟಿಯಾಗಿ ಹಿಡಿದುಕೊಂಡು, ಕಾಣದ್ದಕ್ಕೆ ಕಾರಣ ಹುಡುಕಿದ್ದರು. ಈಗ ಗೊತ್ತಾಯಿತಲ್ಲ, ಅದು ಯಾವನದೋ ಶ್ವಾಸಕೋಶದ ಸಂಗತಿ. ಅದನ್ನು ನಂಬಿ ಯಾವಳೋ ಒಬ್ಬಳ ಹೊಟ್ಟೆಗೆ ವಿಷ ಹಾಕುತ್ತಾರೆ. ಬೆಳಿಗ್ಗೆ ಮಹಡಿ ಹತ್ತಿ ನಿರ್ದೇಶಕರ ಕೋಣೆಯ ಬಾಗಿಲಲ್ಲಿ ನಿಂತು, "ಸರ್, ಒಂದು ವಿಷಯ ಹೇಳೋದಿತ್ತು," ಎಂದಿದ್ದಳು. ಅವರು ಫೋನಿನಲ್ಲಿ ಯಾರಿಗೋ ಅವಳನ್ನೇ ಹೊಗಳುತ್ತಿದ್ದರು. ಬಾಯಿಗೆ ಕೈ ಅಡ್ಡ ಹಿಡಿದು, "ಮೊದಲು ಪೆಟ್ಟಿಗೆ ಕಳಿಸಮ್ಮ, ಆಮೇಲೆ ಸಾವಿರ ವಿಷಯ ಹೇಳು," ಎಂದರು. ಅವಳು ಆಯಿತು ಸರ್ ಎಂದು ಇಳಿದು ಬಂದಳು. ಆಯಿತು ಎಂದು ಯಾಕೆ ಅಂದೆ ಎಂದು ಮೆಟ್ಟಿಲಲ್ಲಿ ನಿಂತು ತನ್ನನ್ನೇ ಕೇಳಿಕೊಂಡಳು. ಹೇಳದೆ ಇದ್ದದ್ದಕ್ಕೆ ಒಳಗೊಳಗೇ ಹಾಯೆನಿಸಿತ್ತು, ಅದಕ್ಕೆ ನಾಚಿಕೆಯೂ ಆಗಿತ್ತು.

ಮೊದಲ ವಾರಗಳಲ್ಲಿ ಅತ್ತೆ ಫ್ಲಾಸ್ಕಿನಲ್ಲಿ ಬದುಕಲು ಒಪ್ಪಿರಲೇ ಇಲ್ಲ. ಅಲ್ಲೊಂದು ಇಲ್ಲೊಂದು ಮುದುರಿಕೊಂಡ ಜೀವಕೋಶಗಳು, ಒಂದಕ್ಕೊಂದು ದೂರ ದೂರ. ದ್ರವ ಬದಲಿಸಿದಾಗಲೆಲ್ಲ ಇನ್ನಷ್ಟು ಕಿತ್ತು ಬರುತ್ತಿದ್ದವು. ತೆಗೆದಿಡಲು ಸಾಲುವಷ್ಟು ಕೂಡ ಬೆಳೆಯಲಿಲ್ಲವಾದ್ದರಿಂದ ಆ ದಿನಗಳದ್ದೊಂದೂ ಫ್ರೀಜರಿನಲ್ಲಿಲ್ಲ. ಇನ್ನು ಚೆಲ್ಲುವುದೇ ಎಂದು ಎಲ್ಲರೂ ಕೈಬಿಟ್ಟಿದ್ದಾಗ ಒಂದು ಸೋಮವಾರ ಬಂದು ನೋಡಿದರೆ ತಳದ ಒಂದು ಮೂಲೆಯಲ್ಲಿ ದಟ್ಟವಾಗಿ, ಒಂದನ್ನೊಂದು ತಳ್ಳಿಕೊಂಡು ಬೆಳೆದಿದ್ದವು. ವಾರ ಕಳೆಯುವುದರೊಳಗೆ ಫ್ಲಾಸ್ಕು ತುಂಬಿತು. ಅವಳು ಕುರ್ಚಿಯಿಂದ ಎದ್ದು ನಿಂತು, "ಇದಪ್ಪ ಅತ್ತೆ ಅಂದ್ರೆ! ಹಿಡಿದ ಪಟ್ಟು ಬಿಡೋರಲ್ಲ," ಎಂದು ಕೂಗಿದ್ದಳು. ಆ ಮಾತು ಇಡೀ ಸಂಸ್ಥೆಗೆ ಹಬ್ಬಿತು. ಉಪನ್ಯಾಸಗಳಲ್ಲಿ ಅವಳು ಆ ಕತೆಯನ್ನು ಹೇಳಿ ಹೇಳಿ ಎಲ್ಲಿ ನಿಲ್ಲಿಸಿದರೆ ಎಲ್ಲಿ ನಗುತ್ತಾರೆಂಬುದೂ ಬಾಯಿಪಾಠವಾಗಿತ್ತು. ಬೇರೆ ಯಾವ ವಿದ್ಯಾರ್ಥಿಯಾದರೂ ಬಂದು, ಸಾಯುತ್ತಿದ್ದ ಜೀವಕೋಶಗಳು ಇದ್ದಕ್ಕಿದ್ದಂತೆ ಚಿಗಿತುಕೊಂಡವು ಮೇಡಂ ಎಂದಿದ್ದರೆ, ಮೊದಲು ಅವು ಯಾರವು ಅಂತ ನೋಡು ಎಂದು ಗದರಿಸುತ್ತಿದ್ದಳು. ಆ ಪಾಠವನ್ನು ಅವಳೇ ಪ್ರತಿ ವರ್ಷ ಹೇಳಿಕೊಡುತ್ತಾಳೆ. ಆದರೆ ಅತ್ತೆಯ ವಿಷಯದಲ್ಲಿ ಅನುಮಾನ ಬರಲು ಕಾರಣವೇ ಇರಲಿಲ್ಲ. ಹಟ ಮಾಡಿ ಬದುಕುವುದು ಅತ್ತೆಗೆ ತಕ್ಕದ್ದಾಗಿತ್ತು. ಅದು ಅತ್ತೆಯಲ್ಲದೆ ಇನ್ನಾರೂ ಆಗಿರಲು ಸಾಧ್ಯವಿರಲಿಲ್ಲ.

ಅತ್ತೆ ಇದ್ದಾಗ, ಸಂಜೆ ಕೆಲಸ ಮುಗಿಸಿ ಮನೆಗೆ ಬಂದರೆ ಮುಂಬಾಗಿಲಿಂದ ಒಳಗೆ ಬರುವಂತಿರಲಿಲ್ಲ. ಹಿತ್ತಲ ಬಾಗಿಲ ಹೊರಗೆ ಒಂದು ಬಕೆಟ್ಟು, ಬೇರೆ ಸೋಪು, ಬೇರೆ ಟವೆಲು. ಮದುವೆಯಾದ ಹೊಸದರಲ್ಲಿ ಒಂದು ದಿನ ಅತ್ತೆ ಅಡಿಗೆಮನೆಯ ಹೊಸಿಲಲ್ಲಿ ನಿಂತು, ಅವಳ ಮುಖ ನೋಡದೆ, "ಆ ರೋಗ ಮುಟ್ಟಿದ ಕೈ, ಆ ಬಟ್ಟೆ... ತೊಳ್ಕೊಂಡೇ ಬಾಮ್ಮ," ಎಂದಿದ್ದರು. ಕ್ಯಾನ್ಸರ್ ಹಾಗೆ ಅಂಟುವುದಿಲ್ಲವೆಂದು ಅವಳು ಚಿತ್ರ ಬರೆದು ವಿವರಿಸಿದಳು. ಅತ್ತೆ ಎಲ್ಲವನ್ನೂ ಕೇಳಿ ಹೌದೌದೆಂದು ತಲೆಯಾಡಿಸಿದರು. ಮರುದಿನ ಬಕೆಟ್ಟು ಅಲ್ಲೇ ಇತ್ತು. ಮಗು ಹುಟ್ಟಿದ ಮೇಲೆ, ಚಳಿಯಲ್ಲಿ ಹಿತ್ತಲಲ್ಲಿ ನಿಂತು ಮೊಣಕೈವರೆಗೆ ಉಜ್ಜಿಕೊಳ್ಳುವಾಗ ಒಳಗೆ ಮಗು ಹಾಲಿಗೆ ಅಳುತ್ತಿತ್ತು, ಎದೆ ಒದ್ದೆಯಾಗುತ್ತಿತ್ತು, ಪಕ್ಕದ ಮನೆಯವಳು ಕಿಟಕಿಯಿಂದ ನೋಡುತ್ತಿದ್ದಳು. ಗಂಡ, "ಹಳೇ ಕಾಲದೋರು, ಹೊಟ್ಟೆಗೆ ಹಾಕ್ಕೋ," ಎಂದು ಪತ್ರಿಕೆ ಮಡಚುತ್ತಿದ್ದ. ಮಾವನಂತೂ ಬಾಯಿಗೆ ಬೆರಳಿಟ್ಟರೂ ಕಚ್ಚಲಾರದ ಮನುಷ್ಯ, ಗಣಿತದ ಮೇಷ್ಟರಾಗಿದ್ದವರು. ಅವಳು ಒದ್ದೆ ಕೈಯಲ್ಲಿ ಒಳಗೆ ಬಂದರೆ ತಾವೇ ಎದ್ದು ಫ್ಯಾನು ಆರಿಸುತ್ತಿದ್ದರು. ಆಮೇಲೆ ಅತ್ತೆಗೇ ಆ ರೋಗ ಬಂತು. ವೈದ್ಯರ ಕೋಣೆಯಲ್ಲಿ ಹೆಸರು ಹೇಳಿದ ಆ ಕ್ಷಣದಲ್ಲಿ, ಈಗ ಯಾವ ಬಾಗಿಲಿಂದ ಬರ್ತೀರಿ ಅತ್ತೆ ಎಂದು ಅವಳ ಮನಸ್ಸಿನಲ್ಲಿ ಬಂದುಹೋಯಿತು. ಯಾರಿಗೂ ಕೇಳಿಸಿರಲಿಲ್ಲ. ಆದರೆ ಅತ್ತೆ ಅದೇ ಹೊತ್ತಿಗೆ ತಿರುಗಿ ಅವಳನ್ನು ನೋಡಿದ್ದರು. ಆಪರೇಷನ್ನಿನ ಹಿಂದಿನ ದಿನ ಮಂಚದಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿ, "ನಿನ್ನ ಕೆಲಸಕ್ಕೆ ಬರತ್ತಂತಲ್ಲ ಈ ಗಡ್ಡೆ, ತಗೋ," ಎಂದಿದ್ದರು. ಆ ಒಂದು ಮಾತಿಗಾಗಿ ಅವಳು ಅವರನ್ನು ಕ್ಷಮಿಸಿದ್ದಳು, ಅಥವಾ ಕ್ಷಮಿಸಿದೆನೆಂದು ಎಣಿಸಿದ್ದಳು.

ಫೋನು ಅದುರಿತು. ಗಂಡ. "ಅಪ್ಪನ್ನ ಗೇಟಲ್ಲಿ ಇಳಿಸಿದ್ದೀನಿ, ಒಳಗೆ ಬರ್ತಿದ್ದಾರೆ. ಇವತ್ತು ಇಸ್ತ್ರಿ ಮಾಡಿದ ಶರ್ಟೇ ಬೇಕು ಅಂತ ಬೆಳಿಗ್ಗೆಯಿಂದ ರಗಳೆ," ಎಂದು ನಕ್ಕ. ಇವತ್ತು ಮಾವ ಬರುವ ದಿನವೆಂದು ಅವಳಿಗೆ ನೆನಪಿಲ್ಲದೆ ಇರಲಿಲ್ಲ. ನೆನಪಿದ್ದೂ ಏನೂ ಮಾಡದೆ ಕೂತಿದ್ದಳು. ಅತ್ತೆ ಹೋದ ಮೇಲೆ ತಿಂಗಳಿಗೊಮ್ಮೆ ಅವರು ಹೀಗೆ ಬರುತ್ತಾರೆ. ಕಾವಲುಗಾರನಿಗೆ ಗೊತ್ತು, ಸಹಿ ಕೇಳುವುದಿಲ್ಲ. ಪ್ಲಾಸ್ಟಿಕ್ ಚೀಲದಂಥ ಚಪ್ಪಲಿ ಕವಚ ಹಾಕಿಕೊಂಡು, ಎತ್ತರದ ಸ್ಟೂಲಿನ ಮೇಲೆ ಕಷ್ಟಪಟ್ಟು ಕೂತು, ಕನ್ನಡಕ ತೆಗೆದು ಮೈಕ್ರೋಸ್ಕೋಪಿಗೆ ಕಣ್ಣಿಡುತ್ತಾರೆ. ಆಮೇಲೆ ಮೆಲುದನಿಯಲ್ಲಿ, ಪಕ್ಕದಲ್ಲಿದ್ದವರಿಗೂ ಕೇಳಿಸದ ಹಾಗೆ, ಮನೆಯ ಸುದ್ದಿ ಹೇಳುತ್ತಾರೆ. ನಲ್ಲಿ ಸೋರುವುದು, ಮೊಮ್ಮಗಳ ಪರೀಕ್ಷೆ, ಮಂಡಿನೋವು. ಮೊದಲ ಸಲ ಇದನ್ನು ಕಂಡಾಗ ಅವಳಿಗೆ ಮುಜುಗರವಾಗಿತ್ತು, ವಿಜ್ಞಾನದ ಜಾಗದಲ್ಲಿ ಇದೇನೆಂದು. ಆಮೇಲೆ ಅಭ್ಯಾಸವಾಗಿ, ಆಮೇಲೆ ಹೆಮ್ಮೆಯೂ ಆಗಿತ್ತು. "ನೀನು ಕಾಫಿಗೆ ಹೋಗು," ಎಂದು ಅವಳು ಹುಡುಗಿಯನ್ನು ಕಳಿಸಿ ಬಾಗಿಲು ಹಾಕಿದಳು. ಬೇರೆ ಯಾವುದಾದರೂ ಫ್ಲಾಸ್ಕು ತೋರಿಸಿಬಿಡಲೇ ಎಂಬ ಯೋಚನೆ ಬಂತು. ಬೇರೆ ಯಾವುದು ತೋರಿಸಿದರೂ ಅಷ್ಟೇ ಸುಳ್ಳೆಂಬುದು ಹೊಳೆದು, ಈ ಸಣ್ಣ ಕೋಣೆಯಲ್ಲಿ ತಿರುಗಿದ ಕಡೆಯೆಲ್ಲ ಗೋಡೆಯೇ ಸಿಗುತ್ತಿದೆ ಎನಿಸಿತು. ಫ್ಲಾಸ್ಕನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟಳು. ಸಾಲುಸಾಲಾಗಿ, ತುಂಬು ಮೈಯ, ಹೊಳೆಯುವ ಜೀವಕೋಶಗಳು. ಇಷ್ಟು ವರ್ಷ ಇವುಗಳಲ್ಲಿ ಅತ್ತೆಯ ಗದ್ದವನ್ನೂ ಅತ್ತೆಯ ಬಿಗಿದ ತುಟಿಯನ್ನೂ ಕಂಡಿದ್ದಳಲ್ಲ, ಅದನ್ನು ನೆನೆದು ಮೈ ಬಿಸಿಯಾಯಿತು.

"ಇವತ್ತು ಚೆನ್ನಾಗಿದ್ದಾಳೆ," ಎಂದರು ಮಾವ, ಕಣ್ಣಿಟ್ಟ ಕೂಡಲೇ. "ಹೋದ ಸಲ ಸ್ವಲ್ಪ ಸೊರಗಿದ್ಲು."

"ಮಾವ, ಅದು ಅತ್ತೆ ಅಲ್ಲ."

ಮಾತು ಹೊರಗೆ ಬಿದ್ದಿತ್ತು. ಅವಳು ಹೇಳಬೇಕೆಂದು ತೀರ್ಮಾನಿಸಿರಲಿಲ್ಲ. ಮಾವ ಕಣ್ಣು ತೆಗೆಯಲಿಲ್ಲ.

"ಅಂದ್ರೆ, ಬೇರೆ ಡಬ್ಬಿ ಇಟ್ಟಿದ್ದೀಯಾ?"

"ಇಲ್ಲ. ಯಾವ ಡಬ್ಬೀಲೂ ಇಲ್ಲ. ನಿನ್ನೆ ಪರೀಕ್ಷೆ ಬಂತು. ಇದು ಬೇರೆ ಯಾರದೋ. ಯಾರೋ ಒಬ್ಬ ಗಂಡಸಿಂದು. ಮೊದಲ್ನೇ ದಿನಗಳಲ್ಲೇ ಒಂದು ಹನಿ ಬೆರೆತುಹೋಗಿದೆ ಮಾವ. ಅದು ಬೇಗ ಬೆಳೆಯತ್ತೆ. ಜಾಗ ಎಲ್ಲಾ ಹಿಡ್ಕೊಂಡ್ಬಿಟ್ಟಿದೆ. ಅತ್ತೇದು ಒಂದೂ ಉಳಿದಿಲ್ಲ."

ಮಾವ ನಿಧಾನವಾಗಿ ತಲೆಯೆತ್ತಿ ಕನ್ನಡಕಕ್ಕಾಗಿ ತಡಕಾಡಿದರು. ಹಾಕಿಕೊಳ್ಳದೆ ಕೈಯಲ್ಲಿ ಹಿಡಿದೇ ಕೂತರು. "ಗಂಡಸು," ಎಂದರು. ಆಮೇಲೆ, "ಇಷ್ಟು ವರ್ಷ ನಾನು ಯಾವನೋ ಒಬ್ಬನ ಹತ್ರ ಸಂಸಾರದ ಕಷ್ಟಸುಖ ಹೇಳ್ಕೊಂಡ್ನಾ? ಪಾಪ, ಅವನಾದ್ರೂ ಏನಂದ್ಕೊಂಡ್ನೋ," ಎಂದರು. ಅವರ ಭುಜ ಅಲುಗುತ್ತಿತ್ತು. ನಗುತ್ತಿದ್ದಾರೋ ಅಳುತ್ತಿದ್ದಾರೋ ಅವಳಿಗೆ ತಿಳಿಯಲಿಲ್ಲ, ಮುಟ್ಟಲು ಧೈರ್ಯವೂ ಬರಲಿಲ್ಲ.

"ಅವಳು ಯಾವಾಗ ಹೋದ್ಲು ಹಾಗಾದ್ರೆ?"

"ಮಾವ..."

"ಈ ಡಬ್ಬೀಲಿ. ಯಾವತ್ತು?"

"ಗೊತ್ತಿಲ್ಲ ಮಾವ."

"ದಿನಾ ನೋಡ್ತಿದ್ದೆಯಲ್ಲಮ್ಮ ನೀನು."

ಅದು ಆರೋಪವಾಗಿರಲಿಲ್ಲ. ಪಾಠ ಒಪ್ಪಿಸಲಾರದ ಜಾಣ ಹುಡುಗಿಯನ್ನು ಮೇಷ್ಟರು ಕೇಳುವ ಹಾಗೆ, ಅಚ್ಚರಿಯಿಂದ ಕೇಳಿದ್ದರು. ಅವಳು ಫ್ಲಾಸ್ಕನ್ನು ಮೈಕ್ರೋಸ್ಕೋಪಿನ ಕೆಳಗಿಂದ ತೆಗೆದಳು. "ನೋಡ್ತಿದ್ದೆ. ಮೊದಲು ಏನೂ ಬೆಳೀತಿರ್ಲಿಲ್ಲ. ಆಮೇಲೆ ಒಂದ್ಸಲ ಸರಸರ ಬೆಳೀತು. ಆಗಲೇ ಅನುಮಾನ ಪಡಬೇಕಿತ್ತು. ಅತ್ತೆಯ ಹಟ ಅಂದ್ಕೊಂಡೆ ಮಾವ. ಎಲ್ಲರಿಗೂ ಹಾಗೇ ಹೇಳಿದೆ."

"ಹಟ?" ಎಂದರು ಮಾವ. ಆ ಪದವನ್ನು ಮೊದಲ ಸಲ ಕೇಳುತ್ತಿರುವವರಂತೆ ಇನ್ನೊಮ್ಮೆ ಅಂದುಕೊಂಡರು. "ಅವಳಿಗೆಲ್ಲಿತ್ತಮ್ಮ ಹಟ? ಹಟ ಏನಿದ್ರೂ ನಂದು. ಆ ಗಡ್ಡೆ ಚೂರು ಕೊಡೋಕೂ ಅವಳಿಗೆ ಇಷ್ಟ ಇರ್ಲಿಲ್ಲ. ನನ್ನ ಮೈಯದು ಯಾರೂ ನೋಡೋದು ಬೇಡ, ಎಲ್ಲಾ ಒಟ್ಟಿಗೇ ಹೋಗ್ಲಿ ಅಂದ್ಲು. ನಾನು ಬಿಡ್ಲಿಲ್ಲ. ಸೊಸೆ ಇಟ್ಕೋತಾಳೆ, ನಾನು ಹೋಗಿ ಹೋಗಿ ನೋಡ್ಬೋದು ಅಂದೆ. ಬೇಜಾರಾಗಿ ಗೋಡೆ ಕಡೆ ತಿರುಗಿ ಮಲಗಿದ್ಲು. ಕೊನೆಗೆ ನನ್ನ ಕಾಟಕ್ಕೆ ನಿನ್ನ ಕರೆದು ತಗೋ ಅಂದ್ಲು." ಅವರು ಕನ್ನಡಕದ ಕಾಲನ್ನು ಮಡಚಿ ಬಿಚ್ಚಿ ಮಾಡುತ್ತಿದ್ದರು. "ಹಿತ್ತಲ ಬಕೆಟ್ಟೂ ಅಷ್ಟೆ. ನಂಗೆ ಹೆದರಿಕೆ. ನಾನು ಹೇಳಿದ್ರೆ ಓದಿದೋನು ಹಿಂಗಂತಾನಾ ಅಂತೀರಿ ಅಂತ ಅವಳ ಬಾಯಲ್ಲಿ ಹೇಳಿಸ್ದೆ. ತೆಗೆದ್ಬಿಡೋಣ ಅಂತ ಅವಳು ಎಷ್ಟು ಸಲ ಅಂದ್ಲೋ."

ಅವಳು ಗೋಡೆಗೆ ಒರಗಿದಳು. ಹೊಸಿಲಲ್ಲಿ ನಿಂತು ಮುಖ ನೋಡದೆ ಮಾತಾಡಿದ ಆ ಹೆಂಗಸನ್ನು ಕಣ್ಣ ಮುಂದೆ ತಂದುಕೊಳ್ಳಲು ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಒಂದೇ ಸೂರಿನಡಿ ಅಷ್ಟು ವರ್ಷ ಇದ್ದು, ಮೈಕ್ರೋಸ್ಕೋಪಿನಲ್ಲಿ ಅದಕ್ಕಿಂತ ಹೆಚ್ಚು ವರ್ಷ ನೋಡಿ, ಅತ್ತೆಯ ಬಗ್ಗೆ ತನಗೆ ಗೊತ್ತಿದ್ದದ್ದು ಆ ಹಟ ಒಂದೇ ಆಗಿತ್ತು, ಅದೂ ಅತ್ತೆಯದಾಗಿರಲಿಲ್ಲ. ಗೋಡೆಯ ಗಡಿಯಾರ ನಾಲ್ಕಕ್ಕೆ ಹತ್ತಿರ ತೋರಿಸುತ್ತಿತ್ತು. ಈ ಮುದುಕರ ಮೇಲೆ ಸಿಟ್ಟು ಬರಬೇಕೆಂದು ಕಾದಳು. ಅವರು ತಾವಾಗಿಯೇ ಸ್ಟೂಲಿನಿಂದ ಇಳಿಯಲು ಒದ್ದಾಡುತ್ತಿದ್ದರು. ಕೈಹಿಡಿದು ಇಳಿಸಿದಳು. ಸಿಟ್ಟು ಬಂತು, ಆದರೆ ಅದು ಹೋಗಿ ನಿಲ್ಲಲು ಜಾಗ ಸಿಗದೆ ಅವಳ ಎದೆಯಲ್ಲೇ ಸುತ್ತತೊಡಗಿತು.

ಫೋನು ಮತ್ತೆ ಅದುರಿತು. ನಿರ್ದೇಶಕರ ಹೆಸರು ನೋಡಿ ಅವಳು ಮೇಜಿನ ಮೇಲೇ ಬಿಟ್ಟಳು. ಅದು ಅದುರುತ್ತ ಅದುರುತ್ತ ಮೇಜಿನ ಅಂಚಿಗೆ ಬಂತು.

"ಎತ್ಬೇಡಮ್ಮ," ಎಂದರು ಮಾವ. ಅವಳ ಕೈ ಇನ್ನೂ ಅವರ ಹಿಡಿತದಲ್ಲಿತ್ತು. "ನಿನ್ನ ಮರ್ಯಾದೆ ಹೋಗತ್ತೆ. ಯಾರಿಗೂ ಹೇಳ್ಬೇಡ. ನಾನೂ ಯಾರಿಗೂ ಹೇಳಲ್ಲ. ಮುಂದಿನ ತಿಂಗಳೂ ಬಂದು ಹೀಗೇ ನೋಡ್ಕೊಂಡು ಹೋಗ್ತೀನಿ, ಏನಂತೆ?"

ಎಷ್ಟು ಮೃದುವಾಗಿ ಹೇಳಿದರೆಂದರೆ ಅವಳು ಹೂಂ ಎನ್ನಲು ಬಾಯಿ ತೆರೆದಿದ್ದಳು. ಇದೇ ದನಿಯಲ್ಲಿ ಅಲ್ಲವೇ ಇವರು ಅತ್ತೆಗೂ ಹೇಳಿದ್ದು. ಕೈ ಬಿಡಿಸಿಕೊಂಡಳು, ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು, ಅಷ್ಟು ಬಿಗಿಯಾಗಿದ್ದವು. ಫೋನು ಎತ್ತಿದಳು.

"ಏನಮ್ಮ, ಸಾಗಣೆಯವರು ಕೆಳಗೆ ಕಾಯ್ತಿದ್ದಾರೆ. ಅತ್ತೆ ಹೊರಟ್ರಾ?" ನಿರ್ದೇಶಕರ ದನಿ ಎಂದಿನಂತೆ ಕೋಣೆಗೆಲ್ಲ ಕೇಳುವಷ್ಟು ದೊಡ್ಡದಾಗಿತ್ತು.

"ಕಳಿಸೋಕಾಗಲ್ಲ ಸರ್. ಇದು ಅತ್ತೆ ಅಲ್ಲ."

"ಅತ್ತೆ ಅಲ್ವಾ?" ಅವರು ಗಹಗಹಿಸಿ ನಕ್ಕರು. "ಮತ್ತ್ಯಾರು, ಮಾವನಾ?"

ಮಾವ ಬಾಗಿಲ ಬಳಿ ಬಗ್ಗಿ ಚಪ್ಪಲಿಯ ಕವಚ ಬಿಚ್ಚುತ್ತಿದ್ದವರು ಹಾಗೇ ನಿಂತರು. ನಗು ಮುಗಿಯುವವರೆಗೆ ಅವಳು ಕಾದಳು.

"ತಮಾಷೆ ಅಲ್ಲ ಸರ್. ಆಸ್ಪತ್ರೆಗೆ ಈಗಲೇ ಫೋನ್ ಮಾಡಿ, ಔಷಧಿ ಯಾರಿಗೂ ಕೊಡ್ಬೇಡಿ ಅಂತ ಹೇಳಿ. ನಮ್ಮತ್ತೆ ಮೊದಲ್ನೇ ತಿಂಗಳಲ್ಲೇ ಇಲ್ಲಿಂದ ಹೋಗ್ಬಿಟ್ಟಿದ್ದಾರೆ. ಅವರು ಹೋಗಿದ್ದು ನಂಗೆ ಕಾಣಿಸ್ಲೇ ಇಲ್ಲ."